ಚಿಗರಿ ಕಾಯಲು ಹೋದ ಬಿಲ್ಲುಗಾರ

ಬಿಲ್ಲು ಹಿಡಿಯುವವನಿಗೆ ಕಣ್ಣು, ಕೈ, ಸಹನೆ ಮೂರೂ ಇರಬೇಕು ಎಂದು ಎಲ್ಲೋ ಕೇಳಿದ್ದೆ. ಕಣ್ಣಿನ ವಿಷಯದಲ್ಲಿ ರಾಣೆಬೆನ್ನೂರಿನಲ್ಲಿ ನನಗೆ ಬುದ್ಧಿ ಹೇಳುವವರಿಲ್ಲ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ನಮ್ಮ ಓಣಿಯ ಅರ್ಧ ಜನ ಜಗತ್ತನ್ನು ನೋಡುತ್ತಿರುವುದೇ ನಾನು ಕೊಟ್ಟ ಗಾಜಿನಿಂದ. ಕೈಗಳು ಎರಡೂ ನೆಟ್ಟಗಿವೆ. ಇನ್ನು ಉಳಿದದ್ದು ಸಹನೆ. ಅದನ್ನು ಹೊಲಕ್ಕೆ ಹೋದ ಮೇಲೆ ತಂದುಕೊಂಡರಾಯಿತು ಎಂದುಕೊಂಡೆ.

ಮೊದಲು ಹೊಲದ ಹಕೀಕತ್ತು ಹೇಳುತ್ತೇನೆ. ನನ್ನ ಹೆಂಡತಿ ಗಿರಿಜಾಳ ತವರು ಮೇಡ್ಲೇರಿ. ಅಪ್ಪನ ಪಾಲಿನಿಂದ ಅವಳಿಗೆ ಎರಡು ಎಕರೆ ಬಂದಿದೆ. ಇಷ್ಟು ವರ್ಷ ಅದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೆವು. ಈ ವರ್ಷ ಅವಳೇ ಒಂದು ಬೀಜದ ಕಂಪನಿಯೊಂದಿಗೆ ಕರಾರು ಮಾಡಿಕೊಂಡು ಬೀಜದ ಹತ್ತಿ ಹಾಕಿದಳು. ಅಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರು, ಮನೆಯ ಬಾಗಿಲ ಮೇಲೆ ನನ್ನ ಹೆಸರು, ಮದುವೆಯ ಕರೆಯೋಲೆಗಳ ಮೇಲೂ ನನ್ನ ಹೆಸರು. ಅದನ್ನೆಲ್ಲ ನೋಡಿ ನೋಡಿ ಬೇಸತ್ತವಳು, ಹೊಲದ ಬದುವಿನಲ್ಲಿ ಕಂಪನಿಯವರು ನೆಟ್ಟ ತಗಡಿನ ಫಲಕದಲ್ಲಿ ‘ರೈತರು: ಗಿರಿಜಾ’ ಎಂದು ಬರೆದಿದ್ದನ್ನು ಕಂಡ ದಿನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಳು. ತೆಗೆದವನು ನಾನೇ. ಆ ಹಿಗ್ಗನ್ನು ಅವಳ ಮುಖದಲ್ಲಿ ಕಂಡು ಬಹಳ ವರ್ಷಗಳಾಗಿದ್ದವು.

ಬೀಜದ ಹತ್ತಿಯಲ್ಲಿ ಒಂದು ತೊಡಕಿದೆ. ಹೊಲದ ತುಂಬ ಇರುವುದು ಹೆಣ್ಣು ಸಾಲು. ಬದುವಿನ ಬದಿಗೆ ನಾಲ್ಕೇ ನಾಲ್ಕು ಗಂಡು ಸಾಲು. ಮುಂದೆ ಹೂ ಬಿಟ್ಟಾಗ ಆ ನಾಲ್ಕು ಸಾಲಿನ ಹೂವನ್ನು ಕಿತ್ತು ತಂದು, ಹೆಣ್ಣು ಸಾಲಿನ ಒಂದೊಂದು ಹೂವಿಗೂ ಕೈಯಿಂದ ಮುಟ್ಟಿಸಬೇಕು. ಗಂಡು ಸಾಲು ಹಾಳಾದರೆ ಉಳಿದ ಹೊಲ ಎಷ್ಟೇ ಹಸಿರಾಗಿದ್ದರೂ ಕಂಪನಿಗೆ ಬೇಡ. ಪ್ಲಾಟು ರದ್ದು, ಫಲಕ ವಾಪಸು.

ಇಂಥ ನಾಲ್ಕು ಸಾಲಿನ ಮೇಲೆ ಚಿಗರಿಗಳ ಕಣ್ಣು ಬಿತ್ತು. ಚಿಗರಿ ಎಂದರೆ ಕೃಷ್ಣಮೃಗ, ನಮ್ಮ ತಾಲೂಕಿನ ಹೆಮ್ಮೆ. ಅವನ್ನು ನೋಡಲು ಪರಊರಿನ ಜನ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬರುತ್ತಾರೆ. ಅವು ನಮ್ಮ ಹೊಲಕ್ಕೆ ಊಟಕ್ಕೆ ಬರುತ್ತವೆ. ಬಿಸಿಲಿದ್ದರೆ ಹೊಲದಲ್ಲಿ ಜನ ಓಡಾಡುವುದರಿಂದ ದೂರ ಇರುತ್ತವೆ. ಜಿಟಿಜಿಟಿ ಮಳೆ ಹಿಡಿದು ಜನ ಮನೆ ಸೇರಿದರೆ ಹಾಡಹಗಲೇ ಇಳಿಯುತ್ತವೆ. ಅದಕ್ಕೆಂದೇ ಗಿರಿಜಾ ಕಲ್ಲವ್ವನನ್ನು ಇಟ್ಟಿದ್ದಳು. ಅರವತ್ತು ದಾಟಿದ ಕಲ್ಲವ್ವ ಬದುವಿನ ಮೇಲಿನ ತಗಡಿನ ಚಪ್ಪರದಲ್ಲಿ ಕುಳಿತು ಹಳೆಯ ಎಣ್ಣೆ ಡಬ್ಬಿ ಬಾರಿಸುತ್ತಾಳೆ, ಚಿಗರಿಗಳು ಓಡುತ್ತವೆ. ವ್ಯವಸ್ಥೆ ಇಷ್ಟೇ, ಮತ್ತು ಅದು ಚೆನ್ನಾಗಿಯೇ ನಡೆದಿತ್ತು.

ಚೆನ್ನಾಗಿ ನಡೆದಿರುವುದನ್ನು ಕಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದು ನನ್ನ ಹುಟ್ಟುಗುಣ. ಅಂಗಡಿಯಲ್ಲಿ ಗಿರಾಕಿ ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಕನ್ನಡಕದ ಕಪಾಟುಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತೇನೆ. ನಾನು ಹೊಲಕ್ಕೆ ಹೋದಾಗಲೆಲ್ಲ ಆ ಡಬ್ಬಿಯ ಸದ್ದು ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಈ ಕಾಲದಲ್ಲಿ ಡಬ್ಬಿಯೇ? ಇದಕ್ಕೊಂದು ಶಾಶ್ವತ ಪರಿಹಾರ ಬೇಕು ಎಂದು ನಿರ್ಧರಿಸಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಪರಿಹಾರ ಹಾವೇರಿಯಲ್ಲಿ ಸಿಕ್ಕಿತು. ಗಾಜು ತರಲು ಹೋದವನು ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಗೋಡೆಗೆ ತೂಗುಹಾಕಿದ್ದ ಬಿಲ್ಲು ಕಂಡೆ. ದೊಡ್ಡವರ ಬಿಲ್ಲನ್ನು ಎಳೆದು ನೋಡಿದೆ, ದಾರ ಜಗ್ಗಲಿಲ್ಲ. ಅಂಗಡಿಯವನು ಸದ್ದಿಲ್ಲದೆ ಬೇರೊಂದನ್ನು ಮುಂದಿಟ್ಟ. ಅದು ಜಗ್ಗಿತು. ಮನೆಗೆ ಬಂದ ಮೇಲೆ ಬಿಲ್ಲಿನ ರಟ್ಟಿನ ಡಬ್ಬಿಯ ಮೇಲೆ ‘ಹನ್ನೆರಡರಿಂದ ಹದಿನಾರು ವರ್ಷದವರಿಗೆ’ ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ಆ ಡಬ್ಬಿಯನ್ನು ಹರಿದು ಬಚ್ಚಲೊಲೆಗೆ ಹಾಕಿದೆ.

ಗಿರಿಜಾ ಬಿಲ್ಲನ್ನು ನೋಡಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಇದನ್ನ ಯಾವುದಕ್ಕ ತಂದ್ರಿ?”

“ಚಿಗರಿಗೆ.”

“ಚಿಗರಿಗೆ ಒಂದು ಕಲ್ಲು ಒಗದ್ರೂ ಒಳಗ ಹಾಕ್ತಾರ. ಗೊತ್ತೈತೋ ಇಲ್ಲೋ ನಿಮಗ?”

“ನಾ ಎಲ್ಲಿ ಹೊಡಿತೇನಿ? ಹೆದರಸೂದಷ್ಟ. ಬಾಣಕ್ಕ ಮೊನಿನ ಇಲ್ಲ, ನೋಡಿಲ್ಲೆ.”

“ನೀವು ಹೆದರಸಾಕ ಹೋಗಿದ್ದೆಲ್ಲ ನನಗ ಗೊತ್ತೈತಿ. ಹೋದ ವರ್ಷ ಮಂಗ್ಯಾ ಹೆದರಸಾಕ ಹೋಗಿ ನೀರಿನ ಟಾಕಿ ಒಡದಿದ್ರಿ.”

ಅದು ಬೇರೆ ಪ್ರಕರಣ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನನ್ನ ಯೋಜನೆಯಲ್ಲಿ ಪ್ರಾಣಿಹಿಂಸೆಗೆ ಎಳ್ಳಷ್ಟೂ ಆಸ್ಪದವಿರಲಿಲ್ಲ. ಬಾಣದ ತುದಿಯಲ್ಲಿ ಮೊನೆಯ ಬದಲು ಬಟ್ಟೆಯ ಸಣ್ಣ ಗಂಟು. ಗಂಟಿನಲ್ಲಿ ಖಾರಪುಡಿ. ಬಾಣ ಹೋಗಿ ಹಿಂಡಿನ ಮುಂದೆ ಬೀಳಬೇಕು, ಗಂಟು ಒಡೆಯಬೇಕು, ಖಾರ ಮೂಗಿಗೆ ಅಡರಬೇಕು, ಚಿಗರಿಗಳು ಸೀನುತ್ತ ಹೋಗಿ ಮತ್ತೆ ಈ ಕಡೆ ತಲೆ ಹಾಕಬಾರದು. ಇದರಲ್ಲಿ ಎಲ್ಲಿ ತಪ್ಪಿದೆ ಎಂದು ನಾನು ಗಿರಿಜಾಳನ್ನು ಕೇಳಿದೆ. ಅವಳು ರೊಟ್ಟಿ ಬಡಿಯಲು ಶುರು ಮಾಡಿದಳು.

ಖಾರಪುಡಿಗಾಗಿ ಬುಧವಾರ ಬ್ಯಾಡಗಿಗೇ ಹೋದೆ. ಜಗತ್ತೆಲ್ಲ ಹುಡುಕಿಕೊಂಡು ಬರುವ ಮೆಣಸಿನಕಾಯಿಯ ಊರು ಒಂದು ಗಂಟೆಯ ದಾರಿಯಲ್ಲಿರುವಾಗ ಪೊಟ್ಟಣದ ಪುಡಿ ತರುವವನು ನಾನಲ್ಲ. ಪರಿಚಯದ ವ್ಯಾಪಾರಿಯೊಬ್ಬರು ಕಾಯಿ ತೋರಿಸುತ್ತ ಕೇಳಿದರು.

“ಯಾವುದಕ್ಕ ಬೇಕಾಗಿತ್ರಿ? ಮಸಾಲಿಗೋ, ಉಪ್ಪಿನಕಾಯಿಗೋ?”

“ಹೆದರಸಾಕ.”

ಅವರು ಯಾರನ್ನು ಎಂದು ಕೇಳಲಿಲ್ಲ. ವ್ಯಾಪಾರಸ್ಥರಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಗುಣ.

“ಹಂಗಾರ ಇದು ಬ್ಯಾಡ್ರಿ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾತು, ಖಾರಕ್ಕಲ್ಲ. ಖಾರ ಬೇಕಂದ್ರ ಗುಂಟೂರಿಂದು ಕೊಡ್ತೇನಿ. ಉರುದು ಹೋಗಬೇಕು ಅಂಥಾದ್ದು.”

ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ ಎನ್ನುವುದು ನಮ್ಮ ಜಿಲ್ಲೆಯ ಹಾಲು ಕುಡಿಯುವ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಬ್ಯಾಡಗಿಯಲ್ಲಿ ನಿಂತು ಗುಂಟೂರಿನ ಕಾಯಿ ಕೊಳ್ಳುವುದೆಂದರೆ? ನಮ್ಮ ಹೊಲ, ನಮ್ಮ ಚಿಗರಿ, ಅವಕ್ಕೆ ಪರರಾಜ್ಯದ ಖಾರವೇ? ಜಿಲ್ಲೆಯ ಮಾನ ನನ್ನ ಹೆಗಲ ಮೇಲೆ ಬಂದು ಕೂತಿತು. “ನಮ್ಮದ ಕೊಡ್ರಿ,” ಎಂದೆ.

“ಆತು ಒಯ್ಯಿರಿ. ಬಣ್ಣ ಮಾತ್ರ ಹತ್ತಿದ್ರ ಲಗೂ ಬಿಡಂಗಿಲ್ಲ ನೋಡ್ರಿ,” ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅಂದು ಮಧ್ಯಾಹ್ನ ಅಂಗಡಿಯಲ್ಲೇ ಅಭ್ಯಾಸ. ಕಣ್ಣು ತಪಾಸಣೆಯ ಅಕ್ಷರಗಳ ಫಲಕವೇ ಗುರಿ. ಹತ್ತು ಅಡಿ ದೂರದಿಂದ ಮೊದಲ ಬಾಣವೇ ಎಲ್ಲಕ್ಕಿಂತ ಮೇಲಿನ ದೊಡ್ಡ ಅಕ್ಷರಕ್ಕೆ ಬಡಿಯಿತು. ಎರಡನೆಯದು ಫಲಕದ ಪಕ್ಕದ ಕನ್ನಡಿಗೆ. ಆಗ ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬರು, “ನಿಮ್ಮ ಅಂಗಡ್ಯಾಗ ತಪಾಸಣಿ ಹಿಂಗ ಮಾಡ್ತಾರೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಇರಲಿ. ಎರಡರಲ್ಲಿ ಒಂದು ಗುರಿಗೆ ಬಿದ್ದಿತಲ್ಲ.

ಗಿರಿಜಾ ಗುರುವಾರ ಬೆಳಿಗ್ಗೆ ಹಾವೇರಿಗೆ ಹೊರಟಿದ್ದಳು. ಅಲ್ಲಿ ಅವಳ ಅಕ್ಕನ ಮಗಳ ಕುಬಸ, ಅಂದರೆ ಸೀಮಂತ. ಶನಿವಾರ ಕಂಪನಿಯ ಫೀಲ್ಡ್ ಆಫೀಸರ್ ಬಂದು ಗಂಡು ಸಾಲಿನ ಗಿಡ ಎಣಿಸಿ ಪ್ಲಾಟು ಪಾಸೋ ನಪಾಸೋ ಹೇಳುವವರಿದ್ದರು. ಹಾಗಾಗಿ ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಬಾಗಿಲು ದಾಟಿದವಳು ತಿರುಗಿ ಬಂದಳು.

“ನೋಡ್ರಿ, ಈಗ ಹೊಲಕ್ಕ ಹೋಗಿ ಕಲ್ಲವ್ವಗ ಚಾಪುಡಿ, ಸಕ್ಕರಿ ಕೊಟ್ಟು ಬರ್ರಿ. ಮಳಿ ಐತಿ, ಒಂದು ಗಳಿಗಿ ಜಾಗಾ ಬಿಟ್ಟು ಏಳಬ್ಯಾಡ ಅಂತ ಹೇಳ್ರಿ. ಅಷ್ಟ ಕೆಲಸ.”

“ಅಷ್ಟ?”

“ಅಷ್ಟ. ಬ್ಯಾರೆ ಏನೂ ಮಾಡಬ್ಯಾಡ್ರಿ.”

ಈ ಕೊನೆಯ ಮಾತನ್ನು ಆಟೊ ಹತ್ತಿದ ಮೇಲೂ ಒಮ್ಮೆ ಹೇಳಿದಳು.

ಬಿಲ್ಲನ್ನು ಚಾದರದಲ್ಲಿ ಸುತ್ತಿಕೊಂಡು ಮೇಡ್ಲೇರಿಯ ಬಸ್ಸು ಹತ್ತಿದೆ. ಮಳೆ ಬಿಡದೆ ಉದುರುತ್ತಿತ್ತು. ಕಲ್ಲವ್ವ ಕಂಬಳಿ ಹೊದ್ದು ಚಪ್ಪರದಲ್ಲಿ ಕೆಮ್ಮುತ್ತ ಕುಳಿತಿದ್ದಳು. ಮೇಡ್ಲೇರಿಯಲ್ಲಿ ನಾನು ಊರ ಅಳಿಯ, ಆದ್ದರಿಂದ ಎದ್ದು ನಿಂತಳು.

“ಕಲ್ಲವ್ವಾ, ನೀ ಮನಿಗೆ ಹೋಗಿ ಬೆಚ್ಚಗ ಮಲಕೋ. ಇವತ್ತ ನಾ ಕಾಯ್ತೇನಿ.”

“ನೀವು ಕಾಯ್ತೀರಿ? ಅಳ್ಯಾರ, ಡಬ್ಬಿ ಬಾರಸಾಕ ಬರ್ತೈತೇನು ನಿಮಗ?”

“ಡಬ್ಬಿ ಕಾಲ ಮುಗೀತು ಕಲ್ಲವ್ವಾ,” ಎಂದು ಚಾದರ ಬಿಚ್ಚಿದೆ.

ಅವಳು ಬಿಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ಗಿರಿಜವ್ವಗ ಹೇಳೀರೇನು?”

“ಹೇಳತೇನಿ.”

“ಹೇಳತೇನಿ ಅಂದ್ರ ಇನ್ನಾ ಹೇಳಿಲ್ಲ,” ಎಂದು ಗೊಣಗುತ್ತ ಕಲ್ಲವ್ವ ಬದುವಿನ ಮೇಲೆ ನಡೆದು ಹೋದಳು. ಒಬ್ಬ ಮುದುಕಿಗೆ ವಿಶ್ರಾಂತಿ ಕೊಟ್ಟೆನೆಂದು ನನಗೆ ಆಗ ಸಂತೋಷವೇ ಆಯಿತು.

ಚಪ್ಪರದಲ್ಲಿ ಕುಳಿತೆ. ಎದುರಿಗೆ ನಾಲ್ಕು ಗಂಡು ಸಾಲು, ಗೇಣುದ್ದದ ಗಿಡಗಳು, ಆಚೆಗೆ ಉಳಿದ ಹೊಲ, ಅದರಾಚೆಗೆ ಯಾರದೋ ಬೀಳು ಭೂಮಿ. ಚಿಗರಿ ಇಲ್ಲ. ಹತ್ತು ನಿಮಿಷ ಕುಳಿತೆ. ಚಪ್ಪರದಿಂದ ಬಾಣ ಹೊಡೆದರೆ ಮೇಲಿನ ತಗಡಿಗೆ ತಾಗಬಹುದು ಎನಿಸಿತು. ಎದ್ದು ಸಾಲು ದಾಟಿ ಆ ಕಡೆಯ ಕಸದ ಗುಪ್ಪೆಯ ಮರೆಗೆ ಹೋದೆ. ಅಲ್ಲಿಂದ ಗಾಳಿ ಎದುರಾಗಿ ಬೀಸುತ್ತಿತ್ತು. ಸಾಲು ದಾಟಿ ಈ ಕಡೆ ಬಂದೆ. ಈ ಕಡೆ ಮರೆಯೇ ಇಲ್ಲ. ಮತ್ತೆ ದಾಟಿದೆ. ನಮ್ಮದು ಎರೆ ಮಣ್ಣು. ಮಳೆಯಲ್ಲಿ ಒಂದು ಹೆಜ್ಜೆ ಇಟ್ಟರೆ ಒಂದು ಹೆಂಟೆ ಕಾಲಿಗೆ ಬರುತ್ತದೆ, ಎರಡು ಇಟ್ಟರೆ ಎರಡು. ನಾಲ್ಕನೆಯ ಸಲ ಜಾಗ ಬದಲಿಸುವ ಹೊತ್ತಿಗೆ ನನ್ನ ಒಂದೊಂದು ಚಪ್ಪಲಿಯೂ ಕಲ್ಲಂಗಡಿಯಷ್ಟಾಗಿತ್ತು. ಕೊನೆಗೆ, ಅಡಗಿ ಕೂರುವವನಿಗೆ ಮಲಗುವುದೇ ಸರಿ ಎಂದು ತೀರ್ಮಾನಿಸಿ ಎರಡು ಸಾಲಿನ ನಡುವೆ ಬೋರಲಾಗಿ ಮಲಗಿದೆ. ಅಲ್ಲಿಯೂ ನೆಮ್ಮದಿ ಸಿಗಲಿಲ್ಲ. ಎಡಮಗ್ಗುಲಿಗೆ ಹೊರಳಿದೆ, ಬಲಮಗ್ಗುಲಿಗೆ ಹೊರಳಿದೆ. ಕುತ್ತಿಗೆಯೊಳಗೆ ನೀರು ಇಳಿಯುತ್ತಿತ್ತು. ಚಿಗರಿಗಳು ಎಷ್ಟು ಹೊತ್ತಿಗೆ ಬರುತ್ತವೆ ಎನ್ನುವುದನ್ನು ಕಲ್ಲವ್ವನನ್ನು ಕೇಳಬೇಕಿತ್ತು.

ಹನ್ನೊಂದರ ಸುಮಾರಿಗೆ ಬಂದವು. ನಮ್ಮ ಹೊಲಕ್ಕಲ್ಲ, ಆಚೆಯ ಬೀಳಿಗೆ. ಕಪ್ಪು ಬೆನ್ನಿನ, ತಿರುಚಿದ ಕೋಡಿನ ಒಂದು ಗಂಡು, ಸುತ್ತ ಕಂದು ಬಣ್ಣದ ಏಳೆಂಟು ಹೆಣ್ಣು. ಹುಲ್ಲು ಮೇಯುತ್ತ ನಿಂತವು. ತೋರುಬೆರಳು ಒದ್ದೆ ಮಾಡಿ ಗಾಳಿ ನೋಡಿದೆ, ಮಳೆಯಲ್ಲಿ ಎಲ್ಲ ಬೆರಳೂ ಒದ್ದೆಯಾಗಿಯೇ ಇದ್ದವು. ಮೊದಲ ಬಾಣ ಹೂಡಿ ದಾರ ಎಳೆದು ಬಿಟ್ಟೆ.

ಖಾರಪುಡಿಯ ಗಂಟು ಎರಡು ತಾಸು ನೆನೆದಿತ್ತು. ಒಣ ಗಂಟಿನ ತೂಕ ಬೇರೆ, ನೆನೆದ ಗಂಟಿನ ತೂಕ ಬೇರೆ ಎನ್ನುವುದು ಅಂಗಡಿಯಲ್ಲಿ ಅಭ್ಯಾಸ ಮಾಡುವಾಗ ಹೊಳೆದಿರಲಿಲ್ಲ. ಬಾಣ ಎಂಟು ಅಡಿ ಹೋಗಿ ಮೂತಿ ಕೆಳಗೆ ಮಾಡಿ ಒಂದು ಹತ್ತಿ ಗಿಡದ ಮೇಲೆ ಬಿತ್ತು. ಎರಡನೆಯದನ್ನು ಇನ್ನೂ ಜೋರಾಗಿ ಎಳೆದೆ. ಬಾಣ ಹೋಯಿತು, ಗಂಟು ಬಿಚ್ಚಿ ನನ್ನ ಎದೆಯ ಮೇಲೇ ಉಳಿಯಿತು. ಬಿಳಿ ಅಂಗಿ ಹಾಕಿಕೊಂಡಿದ್ದೆ. ಕ್ಷಣದಲ್ಲಿ ಕೊರಳಿನಿಂದ ಹೊಟ್ಟೆಯವರೆಗೆ ಕೆಂಪು ಹರಿಯಿತು. ವ್ಯಾಪಾರಿ ಹೇಳಿದ್ದು ಸುಳ್ಳಲ್ಲ, ಬಣ್ಣ ಅದ್ಭುತವಾಗಿತ್ತು.

ಮಳೆಹನಿಯಿಂದ ಕನ್ನಡಕ ಮಸುಕಾಗಿತ್ತು. ಯೋಚಿಸದೆ ಕೈಯಿಂದ ಒರೆಸಿಕೊಂಡೆ. ಆ ಕೈಯಲ್ಲಿ ಏನಿತ್ತು ಎನ್ನುವುದು ನೆನಪಾಗುವಷ್ಟರಲ್ಲಿ ಗಾಜು ಎರಡೂ ಕೆಂಪಾಗಿ, ಕಣ್ಣಿಗೂ ಪುಡಿ ಹೋಗಿತ್ತು. ಬ್ಯಾಡಗಿ ಕಾಯಿಯಲ್ಲಿ ಖಾರವಿಲ್ಲ ಎನ್ನುವ ಮಾತು ನಾಲಗೆಗೆ ಮಾತ್ರ ಅನ್ವಯಿಸುತ್ತದೆ. ಇಪ್ಪತ್ತೆರಡು ವರ್ಷ ಕಣ್ಣಿನ ವ್ಯವಹಾರ ಮಾಡಿದವನು ನಾನು ಈ ಹೊಸ ಸಂಗತಿಯನ್ನು ಆ ದಿನ ಎರೆ ಮಣ್ಣಿನಲ್ಲಿ ಹೊರಳಾಡುತ್ತ ಕಲಿತೆ. ನೀರು ತುಂಬಿದ ಕುಳಿಯೊಂದಕ್ಕೆ ಮುಖ ಅದ್ದಿ, ಕಣ್ಣು ಕಿರಿದು ಮಾಡಿ ನೋಡಿದರೆ ಜಗತ್ತೆಲ್ಲ ಕೆಂಪು ಕೆಂಪು.

ಆ ಕೆಂಪಿನಲ್ಲಿ, ಬದುವಿನ ಮೇಲೆ, ಇಪ್ಪತ್ತು ಅಡಿಯಷ್ಟು ಹತ್ತಿರ ಒಂದು ಚಿಗರಿ!

ಕಂದು ಬೆನ್ನು. ಹೊಟ್ಟೆಯ ಕೆಳಗೆ ಬಿಳುಪು. ತಲೆ ತಗ್ಗಿಸಿ ಮೇಯುತ್ತಿದೆ. ಮೇಯುತ್ತ ಮೇಯುತ್ತ ಗಂಡು ಸಾಲಿನ ಕಡೆಗೇ ಬರುತ್ತಿದೆ. ಗಿರಿಜಾಳ ನಾಲ್ಕು ಸಾಲು ಈಗ ನನ್ನ ಕೈಯಲ್ಲಿವೆ ಎಂದುಕೊಂಡೆ. ಮೊಣಕಾಲೂರಿ ಎದ್ದು, ಕೊನೆಯ ಬಾಣ ಹೂಡಿ, ದಾರವನ್ನು ಕಿವಿಯವರೆಗೆ ಎಳೆದು, ಉಸಿರು ಬಿಗಿಹಿಡಿದು ಬಿಟ್ಟೆ. ಆ ದಿನ ಗುರಿಗೆ ಬಿದ್ದ ಒಂದೇ ಬಾಣ ಅದು. ಬೆನ್ನಿನ ನಡುವೆ ಪಚಕ್ ಎಂದು ಬಡಿಯಿತು.

“ಯವ್ವಾ!” ಎಂದಿತು ಚಿಗರಿ.

ಕಲ್ಲವ್ವ ಮನೆಗೆ ಹೋಗಿ ಮಲಗಿರಲಿಲ್ಲ. ಅಳಿಯಂದಿರು ಉಪವಾಸ ಕೂತಾರೆಂದು ಎರಡು ಬಿಸಿ ರೊಟ್ಟಿ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂದು ಕಂಬಳಿ ಹೊದ್ದು ಬಂದಿದ್ದಳು. ಬರುತ್ತ ರೊಟ್ಟಿಯ ಜೊತೆಗಿರಲೆಂದು ಬದುವಿನ ಮೇಲೆ ಬಗ್ಗಿ ಬಗ್ಗಿ ಹಕ್ಕರಿಕೆ ಸೊಪ್ಪು ಕೀಳುತ್ತಿದ್ದಳು. ಯಾರೋ ಬೆನ್ನು ತಟ್ಟಿದಂತಾಗಿ ಕೈ ಹಿಂದೆ ಹಾಕಿದಳು. ಕೈ ಮುಂದೆ ತಂದು ನೋಡಿದರೆ ಮೊಣಕೈವರೆಗೆ ಕೆಂಪು.

“ಸತ್ನೆಪ್ಪಾ ನಾನು. ಅಳ್ಯಾರು ಹೊಡದ್ರು,” ಎಂದು ಹೇಳಿ ಗಂಡು ಸಾಲಿನ ಮೇಲೆ ನಿಧಾನವಾಗಿ ಕೂತು, ಆಮೇಲೆ ಮಲಗಿದಳು.

ನಾನು ಓಡಿದೆ. ಓಡುವಾಗ ಎರಡು ಸಲ ಬಿದ್ದೆ. ಪಕ್ಕದ ಹೊಲಗಳ ಗುಡಿಸಲಿನಿಂದ ನಾಲ್ಕೈದು ಜನ ಅವಳ ಕೂಗು ಕೇಳಿ ಸಾಲು ತುಳಿಯುತ್ತ ಬಂದರು. ಅವರು ಕಂಡದ್ದು ಇಷ್ಟು: ಕೆಂಪಿನಲ್ಲಿ ತೊಯ್ದು ಮಲಗಿದ ಮುದುಕಿ, ಕೆಂಪಿನಲ್ಲಿ ತೊಯ್ದು ಬಿಲ್ಲು ಹಿಡಿದು ನಿಂತ ಕನ್ನಡಕದ ಅಂಗಡಿಯವನು. ಒಬ್ಬರು ಗಿರಿಜಾಳಿಗೆ ಫೋನು ಹಚ್ಚಿದರು. ಇನ್ನೊಬ್ಬರು, “ಚಿಗರಿ ಬ್ಯಾಟಿಗೆ ಬಂದು ಮನಿಷ್ಯಾರನ್ನ ಹೊಡದಾನ,” ಎಂದು ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿದರು. “ಇದು ಖಾರಪುಡಿ, ಖಾರಪುಡಿ,” ಎಂದು ನಾನು ಹೇಳುತ್ತಲೇ ಇದ್ದೆ. ಬಿಲ್ಲು ಹಿಡಿದವನ ಮಾತು ಯಾರು ನಂಬುತ್ತಾರೆ?

ಗಾರ್ಡು ಅದೇ ಭಾಗದಲ್ಲಿ ಗಸ್ತಿನಲ್ಲಿದ್ದರು. ಬೈಕನ್ನು ರಸ್ತೆಯಲ್ಲೇ ಬಿಟ್ಟು ಬದುವಿನ ಮೇಲೆ ನಡೆದು ಬಂದರು. ಅಷ್ಟು ಜನರಲ್ಲಿ ಸಾಲು ತುಳಿಯದೆ ಬಂದವರು ಅವರೊಬ್ಬರೇ. ಕಲ್ಲವ್ವನ ಕಂಬಳಿಯ ಮೇಲಿನ ಕೆಂಪನ್ನು ಬೆರಳಿನಿಂದ ಒರೆಸಿದರು, ಮೂಸಿದರು, ಸ್ವಲ್ಪ ಯೋಚಿಸಿ ನಾಲಗೆಗೆ ಹಚ್ಚಿಕೊಂಡರು.

“ಬ್ಯಾಡಗಿ ಕಾಯಿ,” ಎಂದರು.

“ಖರೇನ?” ಎಂದು ಮಲಗಿದ್ದ ಕಲ್ಲವ್ವ ಕೇಳಿದಳು.

“ನಮ್ಮೂರ ಬ್ಯಾಡಗೀನ ಅಜ್ಜಿ. ಈ ಬಣ್ಣ ನನಗ ಗೊತ್ತಾಗೂದಿಲ್ಲೇನು? ಏಳ, ನಿನಗೇನೂ ಆಗಿಲ್ಲ.”

ಕಲ್ಲವ್ವ ಎದ್ದು ಕುಳಿತಳು. ಸುತ್ತ ಅಷ್ಟು ಜನ ಸೇರಿದ ಮೇಲೆ ಏನೂ ಆಗಿಲ್ಲವೆಂದರೆ ಅವಳಿಗೂ ಸ್ವಲ್ಪ ನಿರಾಶೆ ಆದಂತಿತ್ತು. ರೊಟ್ಟಿಯ ಗಂಟು ಬಿಚ್ಚಿ ನೋಡಿ, “ಎರಡೂ ಕೆಂಪಾಗ್ಯಾವ,” ಎಂದಳು.

ಗಾರ್ಡು ನನ್ನ ಕಡೆ ತಿರುಗಿದರು. ಚಿಗರಿಗೆ ಬಾಣ ಬಿಡುವುದಿರಲಿ, ಬೆನ್ನಟ್ಟಿ ಕಾಡುವುದೂ ಅಪರಾಧ ಎಂದು ತಿಳಿಯಹೇಳಿದರು. ಬಾಣಕ್ಕೆ ಮೊನೆಯಿಲ್ಲದ್ದನ್ನು ನೋಡಿ, ನನ್ನ ಹೆಸರು, ವಿಳಾಸ, ಅಂಗಡಿಯ ವಿವರ ಬರೆದುಕೊಂಡರು. “ಈ ಬಿಲ್ಲು ಸಾಹೇಬರ ಮುಂದ ಇಡಬೇಕಾಗ್ತೈತಿ. ಯಾವ ಚಿಗರಿಗಾದ್ರೂ ತಾಗೇತೇನು?” ಎಂದು ಕೇಳಿದರು.

ಎಲ್ಲರೂ ಬೀಳಿನ ಕಡೆ ನೋಡಿದೆವು. ಹಿಂಡು ಅಲ್ಲೇ ಇತ್ತು. ಬೆಳಿಗ್ಗೆಯಿಂದ ಒಂದು ಹೆಜ್ಜೆಯೂ ನಮ್ಮ ಹೊಲದ ಕಡೆ ಇಟ್ಟಿರಲಿಲ್ಲ. ಹುಲ್ಲು ಜಗಿಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತ ನಿಂತಿತ್ತು.

ಗಿರಿಜಾ ಎರಡೂವರೆಗೆ ಬಂದಳು. ಕುಬಸದ ಊಟ ಬಿಟ್ಟು ಎದ್ದು ಬಂದಿದ್ದಳು. ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಚಪ್ಪಲಿ. ಮೊದಲು ಕಲ್ಲವ್ವನ ಬೆನ್ನು ಸವರಿ ನೋಡಿದಳು. ಆಮೇಲೆ ಸಾಲಿನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾಲ್ಕು ಸಾಲಿನಲ್ಲಿ ಮೂರು ಕೆಸರಿನಲ್ಲಿ ಮಲಗಿದ್ದವು.

“ಚಿಗರಿ ಬಂದಿದ್ವೇನ್ರಿ?”

“ಇಲ್ಲ.”

“ಮತ್ತ ಇದು?”

“ನಾ ಜಾಗಾ ಬದಲಸ್ತಿದ್ದೆ.”

“ಎಷ್ಟು ಸಲ?”

“ಆರು ಸಲ. ಆಮ್ಯಾಲ ಒಂದೀಟು ಮಲಕೊಂಡಿದ್ದೆ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ರೇಷ್ಮೆ ಸೀರೆಯ ನೆರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಗಿಡವನ್ನು ಎತ್ತಿ ಬುಡಕ್ಕೆ ಮಣ್ಣು ಒತ್ತತೊಡಗಿದಳು. ಕಲ್ಲವ್ವ ಅವಳ ಪಕ್ಕ ಕುಳಿತಳು. ನನಗೆ ತಡೆಯಲಾಗಲಿಲ್ಲ, ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟೆ.

“ಬ್ಯಾಡ್ರಿ. ಅಲ್ಲೇ ನಿಂದರ್ರಿ. ಕಾಲ ಎತ್ತಬ್ಯಾಡ್ರಿ.”

ನಿಂತೆ. ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಮಳೆಯಲ್ಲಿ ಒಂದೇ ಜಾಗದಲ್ಲಿ ನಿಂತಿದ್ದೆ. ಮಾಡಲು ಕೆಲಸವಿಲ್ಲದೆ ಅವಳ ಕೈಯನ್ನೇ ನೋಡುತ್ತಿದ್ದೆ. ಕೆಲವು ಗಿಡಗಳು ನಿಲ್ಲುತ್ತಿದ್ದವು, ಬಹಳಷ್ಟು ಬುಡದಲ್ಲೇ ಮುರಿದಿದ್ದವು. ಮುರಿದದ್ದನ್ನು ಅವಳು ಎಸೆಯದೆ ಪಕ್ಕಕ್ಕೆ ಸಾಲಾಗಿ ಇಡುತ್ತಿದ್ದಳು. ಅವಳಿಗಾಗಿ ಬಿಲ್ಲು ಎತ್ತಿದೆ ಎಂದು ನಂಬಿದ್ದೆ. ಅವಳು ಕೇಳಿದ್ದು ಚಾಪುಡಿ, ಸಕ್ಕರೆ.

ಶನಿವಾರ ಬೆಳಿಗ್ಗೆ ಫೀಲ್ಡ್ ಆಫೀಸರ್ ಬಂದರು. ಮಳೆ ನಿಂತಿತ್ತು. ನಾನು ಬದುವಿನ ಮೇಲೆ, ಗಿರಿಜಾ ಹೇಳಿದ ಜಾಗದಲ್ಲಿ ನಿಂತಿದ್ದೆ. ಅವರು ಗಿಡ ಎಣಿಸುತ್ತ ಹೋದರು, ಗಿರಿಜಾ ಹಿಂದೆ ಹಿಂದೆ ಹೋದಳು. ತುದಿಗೆ ಮುಟ್ಟಿ ತಿರುಗಿ ಬಂದರು. ಅವರ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ.

“ಅಕ್ಕಾರ, ಒಂದು ಸಾಲು ಪೂರಾ ಐತಿ. ಉಳಿದದ್ರಾಗ ಅಲ್ಲೊಂದು ಇಲ್ಲೊಂದು ಹಿಡಕೊಂಡಾವ. ಇಷ್ಟು ಗಂಡು ಗಿಡಕ್ಕ ಅರ್ಧಾ ಎಕರೆ ಪಾಸ್ ಮಾಡಬಹುದು. ಉಳಿದ ಒಂದೂವರಿ ಎಕರೆ ರದ್ದು ಮಾಡಬೇಕಾಗ್ತೈತಿ.”

ಗಿರಿಜಾ ತಲೆಯಾಡಿಸಿದಳು. ಬದುವಿನ ಫಲಕದ ಕಡೆ ತಿರುಗಿದಳು.

“ಬೋರ್ಡು ತಗೀತೀರೇನ್ರಿ?”

“ಬೋರ್ಡು ಯಾಕ ತಗೀತೇವ್ರಿ? ಅರ್ಧಾ ಎಕರೆ ಐತೆಲ್ಲ. ಇರಲಿ ಬಿಡ್ರಿ.”

ಅವಳು ಉಸಿರು ಬಿಟ್ಟಿದ್ದು ಬದುವಿನ ಮೇಲಿದ್ದ ನನಗೂ ಕೇಳಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಈ ಸಲ ಮೆಣಸಿನಕಾಯಿಯ ಪಾತ್ರವಿರಲಿಲ್ಲ.

ಆಫೀಸರ್ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ವರದಿ ಬರೆಯತೊಡಗಿದರು. ಗಿಡ ನಾಶಕ್ಕೆ ಕಾರಣ ಎಂಬಲ್ಲಿ ಪೆನ್ನು ನಿಂತಿತು. ಅಚ್ಚಾದ ಪಟ್ಟಿ ಓದಿದರು. ರೋಗ, ಕೀಟ, ನೀರು ನಿಂತದ್ದು, ಕಾಡುಪ್ರಾಣಿ, ಇತರೆ.

“ಕಾಡುಪ್ರಾಣಿ ಅಂತ ಬರದ್ರ ನಡೀತೈತೇನ್ರಿ?” ಎಂದು ಬದುವಿನಿಂದ ಸಣ್ಣ ದನಿಯಲ್ಲಿ ಕೇಳಿದೆ.

ಆಫೀಸರ್ ಸಾಲಿನ ಕಡೆ ನೋಡಿದರು. ಕೆಸರು ಅರ್ಧ ಒಣಗಿ ಹೆಜ್ಜೆಗಳೆಲ್ಲ ಅಚ್ಚೊತ್ತಿದಂತೆ ನಿಂತಿದ್ದವು. “ಚಿಗರಿ ಚಪ್ಪಲಿ ಹಾಕ್ಕೊಂಡು ಅಡ್ಡಾಡ್ತಾವೇನ್ರಿ?”

“ಸುಳ್ಳ ಯಾಕ?” ಎಂದಳು ಗಿರಿಜಾ. “ಇತರೆ ಅಂತ ಬರೀರಿ.”

“ಇತರೆ ಅಂದ್ರ ವಿವರಾ ಕೊಡಬೇಕ್ರಿ ಅಕ್ಕಾರ.”

“ಕೊಡ್ರಿ. ನನ್ನ ಯಜಮಾನ್ರು ಅಂತ ಬರೀರಿ.”

ಅವರು ಒಂದು ಗಳಿಗೆ ಯೋಚಿಸಿ, ದುಂಡಗಿನ ಅಕ್ಷರದಲ್ಲಿ ‘ರೈತರ ಪತಿ’ ಎಂದು ಬರೆದರು. ಮುಂದಿನ ಕಲಂ, ಕೈಗೊಂಡ ಹತೋಟಿ ಕ್ರಮ. ರೋಗವಾದರೆ ಔಷಧದ ಹೆಸರು ಬರೆಯುತ್ತಾರೆ, ಕೀಟವಾದರೂ ಅಷ್ಟೆ. ಪತಿಗೆ ಏನು ಬರೆಯುವುದು? ಅವರು ಗಿರಿಜಾಳ ಮುಖ ನೋಡಿದರು.

“ಹನ್ನೊಂದರ ಬಸ್ಸಿಗೆ ರಾಣೆಬೆನ್ನೂರಿಗೆ ಕಳಿಸೇವಿ ಅಂತ ಬರೀರಿ,” ಎಂದಳು ಅವಳು.

ಬರೆದರು. ಕೊನೆಯ ಕಲಂ, ಮರುಕಳಿಸುವ ಸಂಭವ. ಅದನ್ನು ಅವರು ಗಟ್ಟಿಯಾಗಿ ಓದಿದರು. ಆಫೀಸರ್, ಗಿರಿಜಾ, ಚಪ್ಪರದಲ್ಲಿದ್ದ ಕಲ್ಲವ್ವ, ಮೂವರೂ ತಿರುಗಿ ನನ್ನನ್ನು ನೋಡಿದರು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ.

‘ಹೆಚ್ಚು’ ಎಂದು ಬರೆದು, ಸಾಕ್ಷಿಯ ಸಹಿಗೆ ಹಾಳೆಯನ್ನು ನನ್ನ ಕಡೆಗೆ ಚಾಚಿದರು. ಓದಿ ನೋಡಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಸಹಿ ಮಾಡಿದೆ.